ಆಯಿ ಕಲಿತ ಇಂಗ್ಲಿಷು

ಕೇಣಿ, ಅಂಕೋಲಾ
13 ನವೆಂಬರ್ 2006

ಪ್ರೀತಿಯ ಮಗ ಕಿಶನಾ,

ನಿನ್ನ ಆಯಿಯ ಆಶೀರ್ವಾದ. ಕೊಲ್ಲಂನಲ್ಲಿ ನೀವಿಬ್ಬರೂ ಹೇಗಿದ್ದೀರಿ? ನನ್ನ ಸೊಸೆ ಶ್ರೀಜಾ ಎದ್ದು ಓಡಾಡುತ್ತಾಳೋ, ಸರಿಯಾಗಿ ಉಣ್ಣುತ್ತಾಳೋ? ಅವಳ ತಾಯಿಗೆ ನನ್ನ ನಮಸ್ಕಾರ ಹೇಳು. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದಕ್ಕೇನೂ ಅವಸರವಿಲ್ಲ.

ಇಲ್ಲಿಯ ಸುದ್ದಿ ಎಂದರೆ, ನಾನು ಇಂಗ್ಲಿಷು ಕಲಿಯುತ್ತಿದ್ದೇನೆ. ನಗಬೇಡ. ಪಕ್ಕದ ಮನೆ ಸುಮಲತಾಳ ಮಗಳು ಪ್ರಗತಿಗೆ ಪರೀಕ್ಷೆ ಹತ್ತಿರ ಬಂದಿದೆ. ನಾವು ಒಣಮೀನು ತಿರುವಿ ಹಾಕುವಾಗ ಅವಳು ಕಾಗೆ ಓಡಿಸುತ್ತ ಗೋ, ವೆಂಟ್, ಗಾನ್ ಎಂದು ಬಾಯಿಪಾಠ ಮಾಡುತ್ತಾಳೆ. ಅವಳ ಹಿಂದೆಯೇ ನಾನೂ ಹೇಳುತ್ತೇನೆ. ಒಂದಕ್ಕಿದ್ದ ರೀತಿ ಇನ್ನೊಂದಕ್ಕಿಲ್ಲ. ಕಟ್ ಒಂದೇ ಮರ್ಯಾದಸ್ಥ, ಇವತ್ತೂ ಕಟ್, ನಿನ್ನೆಯೂ ಕಟ್. ಮೀನು ಕೊಯ್ಯುವವಳಿಗೆ ಅಷ್ಟಾದರೂ ಸುಲಭವಾಯಿತು.

ಶ್ರೀಜಾ ಇಲ್ಲಿದ್ದಾಗ ನನಗೆ ಇಷ್ಟೂ ಬರುತ್ತಿರಲಿಲ್ಲ. ಕಾರವಾರ ಪೇಟೆಯಲ್ಲಿ ಕೈಗಾ ಅಣುಸ್ಥಾವರದ ಪರವೂರ ಹೆಂಗಸರಿಗೆ ಮೀನು ಮಾರಿ ಕಲಿತ ನಾಲ್ಕು ಮಾತು, ಅಷ್ಟೇ. ನೀನು ಬೋಟಿಗೆ ಹೋದ ಮೇಲೆ ಆ ನಾಲ್ಕು ಮಾತಿನಲ್ಲೇ ನಮ್ಮಿಬ್ಬರ ಸಂಸಾರ ನಡೆಯಿತು. ನನಗೆ ಮಲಯಾಳ ಬಾರದು, ಅವಳಿಗೆ ನಮ್ಮ ಮಾತು ಬಾರದು. ಕಮ್ ಎಂದರೆ ಬಂದಳು, ಸಿಟ್ ಎಂದರೆ ಕೂತಳು. ಎಲ್ಲವೂ ಅಪ್ಪಣೆಯೇ. ಅವಳು ಕಲಿತದ್ದು ಮಾತ್ರ "ಊಟ ಆತಾ, ಆಯಿ?" ಎಂಬ ಮಾತು. ಬೆಳಿಗ್ಗೆ ಏಳುತ್ತಲೇ ಕೇಳಿಬಿಡುತ್ತಿದ್ದಳು, ನನಗೆ ನಗು ಬರುತ್ತಿತ್ತು.

ಐದು ತಿಂಗಳಿಗೇ ಹೊಟ್ಟೆಯ ಕೂಸು ಹೋಗಿ, ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ಹಿಂಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನಾನು ಗಂಜಿ ಇಟ್ಟು ಈಟ್ ಎಂದೆ. ಹೇಳಿದ್ದಕ್ಕೆ ತಿಂದಳು. ಅವಳ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋಗುವವರೆಗೂ ನನ್ನ ಊಟ ಆಯಿತೋ ಎಂದು ಮತ್ತೆ ಕೇಳಲಿಲ್ಲ. ಸುಮಲತಾ ಮೊನ್ನೆ ಅಂದಳು, "ಮಾತು ಬರದೇ ಇದ್ರೆ ಕೈ ಹಿಡ್ಕಂಡು ಕೂತಿದ್ರೂ ಸಾಕಾಗಿತ್ತು, ಮಾದೇವಕ್ಕ." ಅದು ಆವತ್ತು ನನಗೆ ಹೊಳೆಯಲೇ ಇಲ್ಲ.

ಆಯಿಗೆ ತಾನು ಬೇಡ ಎಂದು ಶ್ರೀಜಾ ಅನ್ನುತ್ತಾಳೆ, ಕೇಣಿಗೆ ಬರಲು ಒಪ್ಪುವುದಿಲ್ಲ ಎಂದು ಬರೆದಿದ್ದೀಯ. ಹಾಗಲ್ಲ ಮಗಾ. ಆದರೆ ಅವಳಿಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಒತ್ತಾಯ ಮಾಡಬೇಡ, ಸಿಟ್ಟು ಮಾಡಬೇಡ. ಇಬ್ಬರೂ ಚೆನ್ನಾಗಿರಿ.

ನಿನ್ನ ಆಯಿ,
ಮಾದೇವಿ

ತಾ.ಕ.: ಕಾಗದವನ್ನು ಡಬ್ಬಿಗೆ ಹಾಕಲು ಪ್ರಗತಿ ಬಾಗಿಲಲ್ಲೇ ನಿಂತಿದ್ದಾಳೆ, ಅವಳ ಶಾಲೆಗೆ ಹೊತ್ತಾಯಿತು. ನಿನಗಿಂತ ಮೊದಲು ನನ್ನದೂ ಒಂದು ಹೆಣ್ಣುಕೂಸು ಹೊಟ್ಟೆಯಲ್ಲೇ ಹೋಗಿತ್ತು. ನಿನ್ನ ಅಪ್ಪನನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ. ನೀನು ಇದನ್ನು ಶ್ರೀಜಾಳಿಗೆ ಮಲಯಾಳದಲ್ಲಿ ಹೇಳಬೇಡ, ಹೇಳಿದರೆ ಅದು ನಿನ್ನ ಸಮಾಧಾನದ ಮಾತಾಗುತ್ತದೆ. ಬರುವ ಭಾನುವಾರ ಸುಮಲತಾಳ ಮನೆಯಿಂದ ಫೋನು ಮಾಡುತ್ತೇನೆ. ಶ್ರೀಜಾಳ ಕೈಗೆ ಕೊಟ್ಟು ನೀನು ಹೊರಗೆ ಹೋಗು. ಲೂಸ್, ಲಾಸ್ಟ್, ಲಾಸ್ಟ್. ಕಳೆದುಕೊಂಡೆ ಎನ್ನಲು ಅದೊಂದನ್ನು ಪ್ರಗತಿಯ ಹತ್ತಿರ ನಾನೇ ಕೇಳಿ ಕಲಿತಿದ್ದೇನೆ. ಅದನ್ನು ಹೇಳಿಯಾದ ಮೇಲೆ ಅವಳ ಊಟ ಆಯಿತೋ ಎಂದು ಕೇಳುತ್ತೇನೆ.