ಸಾಕ್ಷಿಯ ದವಡೆ ಯಾರ ವ್ಯಾಪ್ತಿಗೆ ಬರುತ್ತದೆ?

ಮಾನ್ಯ ತನಿಖಾಧಿಕಾರಿಗಳೇ,

ನಮ್ಮೂರಿನ ಸೊಸೈಟಿಯನ್ನು ನುಂಗಿದ ಅಧ್ಯಕ್ಷರ ವಿರುದ್ಧ ಹೇಳಿಕೆ ಕೊಟ್ಟಿದ್ದಕ್ಕೆ ನನ್ನ ಗಂಡನ ದವಡೆಯನ್ನು ಹಾಡಹಗಲೇ ಕಬ್ಬಿಣದ ರಾಡಿನಿಂದ ಪುಡಿ ಮಾಡಿದರು. ಆ ರಾಡಿಗೆ ದಾರಿ ತೋರಿಸಿದ್ದು ತಮ್ಮ ಕಚೇರಿ. ಇದನ್ನು ಮುಚ್ಚಿದ ಲಕೋಟೆಯಲ್ಲಿ ಹಲವು ಸಲ ಬರೆದಿದ್ದೆ. ಲಕೋಟೆ ಒಡೆಯಲು ತಮಗೆ ಪುರುಸೊತ್ತಿಲ್ಲ ಎಂದು ತಿಳಿದದ್ದರಿಂದ ಈ ಸಲ ತೆರೆದೇ ಕಳಿಸುತ್ತಿದ್ದೇನೆ.

ನನ್ನ ಗಂಡ ಪ್ರಭುರಾಜ ಕುಕನೂರಿನಲ್ಲಿ ಸೊಸೈಟಿಯ ಪಿಗ್ಮಿ ಸಂಗ್ರಹಕಾರರಾಗಿದ್ದರು. ಸಂತೆಯ ಅಂಗಡಿ ಅಂಗಡಿಗೂ ಹೋಗಿ ದಿನದ ಉಳಿತಾಯ ಕೂಡಿಸುವುದು ಅವರ ಕೆಲಸ. ಠೇವಣಿ ಹಿಂತಿರುಗಿಸಲಾಗದೆ ಸೊಸೈಟಿಯ ಶಟರ್ ಎಳೆದ ದಿನ ಅಧ್ಯಕ್ಷರು ಊರಲ್ಲಿರಲಿಲ್ಲ, ಇವರಿದ್ದರು. ಸಂತೆಯ ಜನ ಇವರನ್ನು ಮೋಟರ್ ಸೈಕಲ್ಲಿನಿಂದ ಎಳೆದು ಕೆಡವಿದರು. ತರಕಾರಿ ಮಾರುವ ಮಾರೆವ್ವ ತೂಕದ ಕಲ್ಲಿನಿಂದಲೇ ಹಣೆಗೆ ಹೊಡೆದಳು.

“ನಾ ರೊಕ್ಕ ಕೊಟ್ಟಿದ್ದು ನಿನ್ನ ಕೈಯಾಗ! ಆ ಅಧ್ಯಕ್ಷನ ಮಾರಿ ನಾ ನೋಡೇ ಇಲ್ಲ!” ಎಂದು ಕೂಗಿದಳಂತೆ.

ರಕ್ತ ಸುರಿಯುವ ಮುಖ ಹೊತ್ತು ಮನೆಗೆ ಬಂದವರು, ನಾನು ಅರಿಶಿಣ ಒತ್ತುತ್ತಿದ್ದಾಗ, “ಆಕಿ ಹೇಳಿದ್ದು ಖರೇ ಐತಿ, ಸುರೇಖಾ. ನನ್ನ ಮಾರಿ ನೋಡೇ ಕೊಟ್ಟಾಳ” ಎಂದರು. ಊರು ಬಿಟ್ಟು ಹೋಗೋಣ ಎಂದು ನಾನೇ ಅತ್ತೆ. ಅವರು ಹೋಗಲಿಲ್ಲ. ಕೊನೆಯ ತಿಂಗಳುಗಳಲ್ಲಿ ಸಂಗ್ರಹದ ಹಣವನ್ನು ಸೊಸೈಟಿಗೆ ತರಬೇಡ, ನನ್ನ ಹತ್ತಿ ಮಿಲ್ಲಿಗೆ ತಂದು ನನ್ನ ಕೈಗೇ ಕೊಡು ಎಂದು ಅಧ್ಯಕ್ಷರು ಹೇಳಿದ್ದರು. ಅದನ್ನು ತಮ್ಮೆದುರು ಹೇಳಲು ಹೋದರು.

ಹಣದ ಅಪರಾಧವನ್ನು ಸಾಬೀತು ಮಾಡುವುದು ಕಷ್ಟ ಎಂದು ತಾವು ನನಗೆ ಪಾಠ ಹೇಳಿದ್ದೀರಿ. ಒಪ್ಪುತ್ತೇನೆ. ಸೊಸೈಟಿಯ ಹಣ ಮಿಲ್ಲಾಗುತ್ತದೆ, ಮಿಲ್ಲು ಅಧ್ಯಕ್ಷರ ಭಾವಮೈದುನನ ಹೆಸರಿಗೆ ಹೋಗುತ್ತದೆ, ಅಲ್ಲಿಂದ ಗಂಗಾವತಿ ಕಡೆಯ ಗದ್ದೆಯಾಗುತ್ತದೆ. ಲೆಕ್ಕಪರಿಶೋಧಕರ ವರದಿ ಬರುವಷ್ಟರಲ್ಲಿ ತನಿಖಾಧಿಕಾರಿಗೆ ವರ್ಗಾವಣೆಯ ಆದೇಶ ಬರುತ್ತದೆ. ತಮಗಿಂತ ಮೊದಲಿನ ಇಬ್ಬರೂ ಹಾಗೆಯೇ ಹೋದರು. ಅದಕ್ಕೇ ಅಲ್ಲವೇ, ಕಣ್ಣಾರೆ ಕಂಡದ್ದನ್ನು ಬಾಯಿ ಬಿಟ್ಟು ಹೇಳುವ ಒಬ್ಬ ಮನುಷ್ಯ ಬೇಕಾಗುವುದು? ಅಂಥ ಮನುಷ್ಯ ತಾನಾಗಿ ಬಂದಾಗ ತಾವು ಮಾಡಿದ್ದೇನು? ಜಾಮೀನಿನ ಮೇಲಿದ್ದ ಅಧ್ಯಕ್ಷರನ್ನು ಅದೇ ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು, ಚಹಾ ತರಿಸಿ, ಅವರೆದುರಿಗೇ ನನ್ನ ಗಂಡನ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿದಿರಿ. ಇದು ಯಾವ ತರಬೇತಿಯಲ್ಲಿ ಕಲಿಸುವ ವಿಧಾನ, ಸ್ವಾಮೀ?

ಅದೇ ವಾರ ಯಲಬುರ್ಗಾ ರಸ್ತೆಯಲ್ಲಿ ನನ್ನ ಗಂಡನ ಗಾಡಿಗೆ ಜೀಪು ಅಡ್ಡ ಬಂತು. “ಸಾಹೇಬ್ರ ಮುಂದ ಭಾಳ ಮಾತಾಡ್ದಿಯಂತಲ್ಲ? ಈಗ ಮಾತಾಡು” ಎಂದು ಒಬ್ಬ ಕೂದಲು ಹಿಡಿದು ತಲೆ ಎತ್ತಿದ, ಇನ್ನೊಬ್ಬ ರಾಡಿನಿಂದ ಬಾಯಿಗೇ ಹೊಡೆದ. ಹಲ್ಲುಗಳು ಡಾಂಬರಿನ ಮೇಲೆ ಬಿದ್ದವು. ಬಲಗೈಯನ್ನು ಬೂಟಿನಡಿ ಹಾಕಿ ಬೆರಳು ಮುರಿದರು.

ನಾನು ತಮ್ಮಲ್ಲಿಗೆ ಓಡಿ ಬಂದೆ. “ನಮ್ದು ಹಣಕಾಸಿನ ಕೇಸಮ್ಮಾ. ಹೊಡೆದಾಟ ಠಾಣೆಯವರು ನೋಡ್ತಾರೆ” ಎಂದಿರಿ. ಠಾಣೆಯವರು, “ಅದು ಸೊಸೈಟಿ ಕೇಸ್ರೀ, ಮೇಡಂ. ದೊಡ್ಡ ಸಾಹೇಬ್ರನ್ನ ಕೇಳ್ರಿ” ಎಂದು, ಗಾಡಿ ಜಾರಿ ಬಿದ್ದ ಅಪಘಾತವೆಂದು ಬರೆದುಕೊಂಡರು. ಜಾರಿ ಬಿದ್ದವನ ಕೈ ಮೇಲೆ ಬೂಟಿನ ಅಚ್ಚು ಹೇಗೆ ಮೂಡಿತು ಎಂದು ಯಾರೂ ಕೇಳಲಿಲ್ಲ.

ಕೊಪ್ಪಳದ ಆಸ್ಪತ್ರೆಗೆ ಮೊದಲು ಬಂದವಳು ಮಾರೆವ್ವ. ದವಡೆಗೆ ತಂತಿ ಬಿಗಿದ ಆ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಸಿಟ್ಟಿನಿಂದ ಹೊರಗೆ ಹೋಗು ಎಂದೆ. ಅವಳು ಕದಲಲಿಲ್ಲ. “ಇವನ್ನ ಹೊಡಿಯೋ ಹಕ್ಕು ನಮಗಿತ್ರೀ, ಅಕ್ಕೋರ. ಅವರಿಗೆ ಯಾರು ಕೊಟ್ರು?” ಎಂದಳು. ಆಮೇಲೆ ಮಂಚದ ಕಾಲ ಬಳಿ ಕೂತು ಅತ್ತಳು.

ವಿಚಾರಣೆಯ ದಿನ ರಕ್ಷಣೆಗೆ ಸಿಬ್ಬಂದಿ ಇಲ್ಲ ಎಂದು ತಾವು ಹೇಳಿದ್ದರಿಂದ ಸಂತೆಯ ಹೆಂಗಸರೇ ಟೆಂಪೊದಲ್ಲಿ ಬಂದು ನನ್ನ ಗಂಡನ ಸುತ್ತ ನಿಂತರು. ನ್ಯಾಯಾಲಯದ ಆವರಣದಲ್ಲಿ ರಾಡು ಹಿಡಿದಿದ್ದವನೇ ನಗುತ್ತಾ ಹತ್ತಿರ ಬಂದ. ನನ್ನ ಗಂಡ ಗುರುತಿಸಿ ಕೈ ತೋರಿಸಿದರು. ಮಾರೆವ್ವ ಅವನ ಕಾಲರ್ ಹಿಡಿದು ಕೆನ್ನೆಗೆ ಬಾರಿಸಿದಳು.

ಆಗ ವ್ಯವಸ್ಥೆ ಎಚ್ಚೆತ್ತಿತು ನೋಡಿ! ರಾಡಿನವರನ್ನು ಇವತ್ತಿಗೂ ಹುಡುಕಲಾಗದ ಪೊಲೀಸರಿಗೆ ಮಾರೆವ್ವ ನಿಂತಲ್ಲೇ ಸಿಕ್ಕಳು. ಶಾಂತಿಭಂಗದ ಪ್ರಕರಣ ಅಂದೇ ದಾಖಲಾಯಿತು. ರಾಡಿನವನು ಫಿರ್ಯಾದಿಯಾದ. ಅಧ್ಯಕ್ಷರಿಗೆ ಎದೆನೋವೆಂದು ವಿಚಾರಣೆ ಮುಂದಕ್ಕೆ ಹೋಯಿತು.

ಮಾನ್ಯರೇ, ನಾನು ಕರುಣೆ ಕೇಳುತ್ತಿಲ್ಲ. ನನ್ನ ಗಂಡನ ಹೇಳಿಕೆಯನ್ನು ನ್ಯಾಯಾಧೀಶರ ಮುಂದೆ ಕೂಡಲೇ ದಾಖಲು ಮಾಡಿಸಿ. ಯಲಬುರ್ಗಾ ರಸ್ತೆಯ ಹಲ್ಲೆಯನ್ನು ಇದೇ ಪ್ರಕರಣಕ್ಕೆ ಸೇರಿಸಿ. ಸಾಕ್ಷಿಗೆ ಕಾವಲು ಕೊಡಿ. ಮಾರೆವ್ವನ ಮೇಲಿನ ಪ್ರಕರಣ ಹಿಂದೆ ಪಡೆಯುವಂತೆ ಬರೆಯಿರಿ. ಅಲ್ಲಿಯವರೆಗೆ ಆ ಹೆಂಗಸರ ಟೆಂಪೊ ಬರುತ್ತಲೇ ಇರುತ್ತದೆ.

ಕಳೆದ ವಾರ ವೈದ್ಯರು ತಂತಿ ತೆಗೆದರು. ಇವರ ಮಾತು ಇನ್ನೂ ತೊದಲುತ್ತದೆ. ನನ್ನ ಹೆಸರೂ ಸರಿಯಾಗಿ ಹೊರಡದು. ಅಧ್ಯಕ್ಷರ ಹೆಸರು ಮಾತ್ರ ಬಹಳ ಸ್ಪಷ್ಟವಾಗಿ ಬರುತ್ತದೆ.

ಇಂತಿ,
ತಮ್ಮ ಕಚೇರಿಗೂ ಠಾಣೆಗೂ ನಡುವೆ ಇನ್ನೂ ಓಡಾಡುತ್ತಿರುವ,
ಸುರೇಖಾ, ಶಾಲಾ ಶಿಕ್ಷಕಿ, ಕುಕನೂರು