ದಾರ ಕಟ್ಟಿಟ್ಟ ಹೆಸರು

ಸವಣೂರು, ೧೨ ಮೇ ೧೯೮೧, ಮಂಗಳವಾರ.

ಯಾರದೋ ಲಗ್ನಪತ್ರಿಕಿಯೊಳಗ ಸತ್ತ ತಂಗಿ ಶೇಖವ್ವನ ಹೆಸರು ಅಚ್ಚಾತು.

ಅಕಿ ಲಗ್ನಕ್ಕಂತ ಅಚ್ಚಿನ ಮೊಳಿ ಜೋಡಿಸಿದ್ದ ಹೂಬಳ್ಳಿ ಚೌಕಟ್ಟನ್ನ, ಬಿಚ್ಚಾಕ ಮನಸಾಗದ ದಾರ ಕಟ್ಟಿ ಇಟ್ಟಿದ್ದೆ. ಇವತ್ತ ಅದನ್ನ ತಗದು, ಮ್ಯಾಲಿನ ಸಾಲಿನ್ಯಾಗ ಹೊಸ ಮದುಮಗಳ ಹೆಸರು ಕೂಡಿಸಿದೆ. ಚೌಕಟ್ಟಿನ ಒಳಗಿನ ಅಕಿ ಹೆಸರು ಹಂಗ ಉಳೀತು. ಹೊರಗ ಬದಲಿಸಿದ್ರ ಒಳಗ ತಾನ ಬದಲಾಗ್ತೈತೇನು? ನಾ ಎಂಥಾ ಕಂಪೋಜಿಟರ್!

"ಯಾರೀ ಶೇಖವ್ವ?" ಅಂತ ಮದುಮಗಳ ಅಪ್ಪ ಒದರಿದ. ಪ್ರೆಸ್ಸಿನ ಮಾಲಕ ಗೌಸಸಾಬರು ಮೆಲ್ಲಕ ಅಂದ್ರು, "ಆ ದಾರ ಬಿಚ್ಚಪಾ ಇನ್ನ."

ಬಿಚ್ಚೂ ಮೊದಲ ಆ ಹೆಸರನ್ನ ಎಡಗೈಗೆ ಒತ್ತಿಕೊಂಡೆ. ಉಲ್ಟಾ ಮೊಳಿ, ಅಂಗೈಮ್ಯಾಲ ನೆಟ್ಟಗ ಮೂಡಿತು.

ಉಣ್ಣೂ ಮುಂದ ಅವ್ವ ಅಂದ್ಲು, "ಕೈಗೆ ಮಸಿ ಹತ್ತೈತಿ, ತೊಳಕೋ." ಅಕಿಗೆ ಓದಾಕ ಬರೂದಿಲ್ಲ. ಎಡಗೈ ಮುಷ್ಟಿ ಬಿಗಿಹಿಡಿದು ಉಂಡೆ.

ಇನ್ನೂ ತೊಳದಿಲ್ಲ.