ಗುಂಡಿಯಿಲ್ಲದ ಸೊಂಟಪಟ್ಟಿ

ಪ್ರೀತಿಯ ತಮ್ಮಾ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ. ಅಮ್ಮನ ಮಂಡಿನೋವು, ನಿನ್ನ ಭಾವನ ಆಫೀಸಿನ ರಗಳೆ, ಅಂಗಡಿಗೆ ಬಂದ ಹೊಸ ಮೆಷಿನ್ನು, ಇಷ್ಟನ್ನೇ ಬರೆದು "ಉಳಿದಂತೆ ಎಲ್ಲ ಕ್ಷೇಮ" ಎಂದು ಮುಗಿಸಿದ್ದೆ. ಓದಿ ನೋಡಿದರೆ ಆ ಕೊನೆಯ ಸಾಲು ಶುದ್ಧ ಸುಳ್ಳು. ಹರಿದು ಹಾಕಿ ಮತ್ತೆ ಕೂತಿದ್ದೇನೆ. ನನ್ನ ಮಗಳಿಗೆ ಹದಿನೈದು ತುಂಬಿತಲ್ಲ, ಈಚೆಗೆ ಅವಳು ಬಾಗಿಲಲ್ಲಿ ಬಂದು ನಿಂತರೆ ನನಗೆ ನೀನು ಕಾಣುತ್ತೀಯ. ಆ ವಯಸ್ಸಿನ ನೀನು. ಅದೇ ಭುಜ, ಅದೇ ರೀತಿ ಪುಸ್ತಕವನ್ನು ಹೊಟ್ಟೆಗೆ ಅವುಚಿಕೊಂಡು ನಿಲ್ಲುವುದು. ನನಗೆ ಭಯವಾಗಿದೆ, ತಮ್ಮಾ.

ಫೋನ್ ಮಾಡಬಹುದಿತ್ತು. ಆದರೆ ನೀನು ಬಸ್ಸು ಓಡಿಸುತ್ತಿರುವಾಗ ಇಂಥದ್ದನ್ನು ಕಿವಿಗೆ ಹಾಕಬಾರದು. ನೀನು ಬಿಡುವಾಗಿರುವ ಹೊತ್ತಿಗೆ ನಾನು ಮಾತಾಡಿದರೆ ಅಂಗಡಿಯ ಮೇಲೇ ಇರುವ ನಮ್ಮ ಮನೆಗೆಲ್ಲ ಕೇಳುತ್ತದೆ. ಗೋಡೆಗೂ ಕಿವಿ ಅನ್ನುತ್ತಾರೆ, ನಮ್ಮ ಮನೆಯ ಮೆಟ್ಟಿಲಿಗೆ ನಾಲ್ಕು ಕಿವಿ. ಇವತ್ತು ಭಾನುವಾರ. ಅಂಗಡಿಯ ಷಟರ್ ಅರ್ಧ ಎಳೆದು, ಕಟಿಂಗ್ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ನಡೆಯುವುದೇ ಶಾಲೆಯ ಸಮವಸ್ತ್ರದಿಂದ ಎಂದು ನಿನಗೆ ಗೊತ್ತು. ಕೆಲವು ವರ್ಷದ ಹಿಂದೆ ಶಾಲೆಯವರು ಸ್ಕರ್ಟು, ಪ್ಯಾಂಟು ಎರಡಕ್ಕೂ ಗುಂಡಿ ತೆಗೆಸಿ ಸೊಂಟಕ್ಕೆ ಇಲಾಸ್ಟಿಕ್ ಹಾಕಿಸಿದರು. ಮಕ್ಕಳು ಬೆಳೆದರೂ ಬಟ್ಟೆ ಎರಡು ವರ್ಷ ಬಾಳುತ್ತದೆ ಎಂದು ತಂದೆತಾಯಿಗಳಿಗೆ ಖುಷಿ. ಗುಂಡಿಯ ತೂತಿಗೆ ಕಾಜಾ ಹಾಕುವ ಕೆಲಸ ತಪ್ಪಿತು ಎಂದು ನಮಗೂ ಖುಷಿ. ಅಳತೆ ತೆಗೆಯುವುದೂ ನಿಂತಿತು. ಸಣ್ಣದು, ಮಧ್ಯಮ, ದೊಡ್ಡದು ಎಂದು ಕವರಿನಲ್ಲಿಟ್ಟು ಕೊಟ್ಟರಾಯಿತು. ನಾವು ಚಿಕ್ಕವರಿದ್ದಾಗ ಗುಂಡಿ ಬಿಗಿಯಾದ ದಿನವೇ ಅಮ್ಮನಿಗೆ ತಿಳಿಯುತ್ತಿತ್ತು. ಒಳಗೆ ಮಡಚಿಟ್ಟ ಬಟ್ಟೆಯ ಹೊಲಿಗೆ ಬಿಚ್ಚುತ್ತ "ಈ ವರ್ಷ ಒಂದು ಬೆರಳು ಜಾಸ್ತಿ" ಎಂದು ಹೇಳುತ್ತಿದ್ದರು. ಇಲಾಸ್ಟಿಕ್ ಯಾರಿಗೂ ಏನೂ ಹೇಳುವುದಿಲ್ಲ. ಎಳೆದಷ್ಟು ಹಿಗ್ಗಿ ಸುಮ್ಮನಿರುತ್ತದೆ. ನನ್ನ ಮಗಳು ಶಾಲೆಯಲ್ಲಿ ಅದನ್ನೇ ಹಾಕಿಕೊಂಡಳು, ಮನೆಯಲ್ಲಿ ನಿನ್ನ ಭಾವನ ಹಳೆಯ ಟೀ ಶರ್ಟು. ದಿನವೂ ಕಣ್ಣೆದುರು ಇರುವವರು ಬೆಳೆಯುವುದು ಕಾಣುವುದಿಲ್ಲ ಎನ್ನುತ್ತಾರೆ. ನಿಜವಿರಬಹುದು. ಅಥವಾ ಕಾಣದಿರಲೆಂದು ನಾನೇ ನೋಡಲಿಲ್ಲವೋ, ಇನ್ನೂ ತೀರ್ಮಾನಿಸಲಾಗಿಲ್ಲ.

ಈ ಸಲ ಬಂದ ಹೊಸ ಹೆಡ್‌ಮಿಸ್ಸಿಗೆ ಇಲಾಸ್ಟಿಕ್ ಹಿಡಿಸಲಿಲ್ಲ. "ರಾತ್ರಿ ಹಾಕ್ಕೊಳ್ಳೋ ಪೈಜಾಮ ಥರ ಕಾಣ್ತಾರೆ ಮಕ್ಕಳು" ಎಂದು, ಮುಂದಿನ ಟರ್ಮಿನಿಂದ ಗಟ್ಟಿ ಪಟ್ಟಿ, ಗುಂಡಿ, ಕಾಲರು ಎಲ್ಲ ಬೇಕು ಎಂದರು. ಹಾಗಾಗಿ ವರ್ಷಗಳ ನಂತರ ಒಬ್ಬೊಬ್ಬರನ್ನೇ ನಿಲ್ಲಿಸಿ ಅಳತೆ ತೆಗೆಯುವ ಕೆಲಸ ಶುರುವಾಯಿತು. ನಮ್ಮ ಪದ್ಧತಿ ನೀನು ನೋಡಿದ್ದೀಯ. ನಾನು ಟೇಪು ಹಿಡಿದು ಗಟ್ಟಿಯಾಗಿ ಹೇಳುತ್ತೇನೆ, ಆ ಕಡೆಯಿಂದ ಕಟಿಂಗ್ ಮಾಸ್ಟರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಬರೆದುಕೊಳ್ಳುತ್ತಾರೆ. ತಪ್ಪಾಗಬಾರದಲ್ಲ, ಅದಕ್ಕೆ. ಮಾಸ್ಟರು ಮೆಷಿನ್ನುಗಳ ಸದ್ದಿನಲ್ಲೇ ಮುದುಕರಾದವರು. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ.

ಆ ಶನಿವಾರ ಅವಳ ತರಗತಿಯ ಹುಡುಗಿಯರ ಸರದಿ. ಅಂಗಡಿ ತುಂಬಿತ್ತು. ಅವಳು ಹಿಂದೆ ಹಿಂದೆಯೇ ಸರಿಯುತ್ತಿದ್ದು, ಹತ್ತಿರ ಬಂದಾಗ ನನ್ನ ಕಿವಿಯಲ್ಲಿ "ಅಮ್ಮ, ನಂದು ಮನೇಲಿ ತಗೋ" ಎಂದಳು.

"ಬಂದಿದೀಯಲ್ಲ, ಎರಡು ನಿಮಿಷದ ಕೆಲಸ. ನೆಟ್ಟಗೆ ನಿಂತ್ಕೋ" ಎಂದೆ.

ಕಾಲರಿಗೆಂದು ಕುತ್ತಿಗೆ ಅಳೆಯುವಾಗ ಹಿಂಭಾಗದ ಕಪ್ಪು ಕಂಡಿತು. ಒಂದು ವರ್ಷದಿಂದ ಅದರ ಮೇಲೆ ನನಗೂ ಅವಳಿಗೂ ಜಗಳ. "ಕುತ್ತಿಗೆ ಉಜ್ಜಕ್ಕೂ ಆಳು ಇಡ್ಬೇಕಾ ನಿಂಗೆ" ಎಂದು ಗೊಣಗಿದೆ. ಆಮೇಲೆ ಭುಜ. ಆಮೇಲೆ ಸೊಂಟ. ಬೆಳಿಗ್ಗೆಯಿಂದ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. "ಸೊಂಟ ಮೂವತ್ತೆಂಟು" ಎಂದುಬಿಟ್ಟೆ, ಎಲ್ಲರದ್ದನ್ನೂ ಹೇಳಿದ ಹಾಗೆಯೇ.

"ಸೊಂಟ ಮೂವತ್ತೆಂಟು" ಎಂದರು ಮಾಸ್ಟರು ಆ ತುದಿಯಿಂದ. "ಇದಕ್ಕೆ ಈ ತುಂಡು ಸಾಲಲ್ಲ ಮೇಡಂ. ಬೇರೆ ಬಟ್ಟೆ ತೆಗೀತೀನಿ."

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಟ್ಟೆ ಸಾಲುವುದಿಲ್ಲ ಎಂದರೆ ಅವರಿಗೆ ಬಟ್ಟೆ ಸಾಲುವುದಿಲ್ಲ ಎಂದಷ್ಟೇ ಅರ್ಥ. ಆದರೆ ಬೆಂಚಿನ ಮೇಲಿದ್ದ ಹುಡುಗಿಯೊಬ್ಬಳು ಪಕ್ಕದವಳಿಗೆ "ಅದ್ರಲ್ಲಿ ನಂಗೆ ಎರಡು ಸ್ಕರ್ಟ್ ಆಗತ್ತೆ ಕಣೇ" ಎಂದಳು. ನಾಲ್ಕೈದು ಜನ ನಕ್ಕರು. ನನ್ನ ಮಗಳು ಅಳಲಿಲ್ಲ. "ಆಯ್ತಾ?" ಎಂದು ನನ್ನನ್ನು ಕೇಳಿ, ಟೇಪಿನಿಂದ ಹೊರಗೆ ಬಂದು ಮೆಟ್ಟಿಲು ಹತ್ತಿ ಹೋದಳು. ಮುಂದಿನ ಹುಡುಗಿಗೆ ನಾನು ಅಳತೆ ತೆಗೆದೆ. ಇದನ್ನು ಬರೆಯುವಾಗ ನನಗೇ ಆಶ್ಚರ್ಯ, ಆದರೆ ತೆಗೆದೆ.

ಮಾರನೆಯ ವಾರದಿಂದ ಅವಳ ಊಟದ ಡಬ್ಬಿ ತೊಳೆದುಕೊಂಡೇ ಬರತೊಡಗಿತು. "ನೋಡು, ಹುಡುಗಿಗೆ ಜವಾಬ್ದಾರಿ ಬಂತು" ಎಂದು ಅಮ್ಮ ಮೆಚ್ಚಿಕೊಂಡರು. ನನಗೆ ನೀನು ನೆನಪಾದೆ. ನಿನ್ನ ಡಬ್ಬಿಯೂ ಹಾಗೇ ತೊಳೆದು ಬರುತ್ತಿತ್ತಲ್ಲ. ಬೀದಿಯ ಕಂದುನಾಯಿ ಇದ್ದಕ್ಕಿದ್ದಂತೆ ದಪ್ಪಗಾದಾಗಲೇ ಅಮ್ಮನಿಗೆ ನೀನು ಊಟವನ್ನು ಎಲ್ಲಿ ಹಾಕುತ್ತಿದ್ದೀಯ ಎಂದು ಹೊಳೆದದ್ದು. ಈಗ ನಗು ಬರುತ್ತದೆ. ಆಗ ನೀನು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬಿದ್ದಿದ್ದೆ.

ಅಪ್ಪ ಕೆಟ್ಟವರಲ್ಲ. ಅವರಿಗೂ ಭಯವೇ ಇತ್ತು ಅಂತ ಈಗ ಅನ್ನಿಸುತ್ತದೆ. ಆದರೆ ಅವರ ಭಯ ಸ್ಕೂಟರ್ ಹತ್ತಿ ಬರುತ್ತಿತ್ತು. ನೀನು ಮುಂದೆ ಓಡಬೇಕು, ಅವರು ಹಿಂದೆ ಹಾರನ್ ಹೊಡೆಯುತ್ತ "ಓಡೋ ಪೀಪಾಯಿ, ನಿಂತ್ರೆ ಗುದ್ದಿಬಿಡ್ತೀನಿ" ಎನ್ನಬೇಕು, ಎರಡೂ ಬದಿಯ ಮನೆಗಳ ಕಿಟಕಿ ತೆರೆಯಬೇಕು. ಗೇಟಿನ ಹತ್ತಿರ ಟವೆಲ್ಲು ಹಿಡಿದು ನಿಲ್ಲುತ್ತಿದ್ದವಳು ನಾನು. ನಿನ್ನ ಮುಖ ನನಗೆ ನೆನಪಿದೆ, ಬೆವರಿಗಿಂತ ಬೇರೆ ಏನೋ ಅದರ ಮೇಲೆ ಇರುತ್ತಿತ್ತು. ತೂಕ ಇಳಿಯಿತು, ನೀನು ಬಿದ್ದೆ, ತೂಕ ಮತ್ತೆ ಬಂತು, ತನ್ನ ಜೊತೆ ಇನ್ನಷ್ಟನ್ನು ಕರೆದುಕೊಂಡು ಬಂತು. ಇವತ್ತಿಗೂ ನೀನು ನಮ್ಮ ಮನೆಗೆ ಬಂದರೆ ಮೇಜಿನ ಮುಂದೆ ಕೂರುವುದಿಲ್ಲ. ಅಡುಗೆಮನೆಯಲ್ಲಿ ನಿಂತು, ಎಲ್ಲರಿಗೂ ಬೆನ್ನು ಮಾಡಿ, ಬೇಗ ಬೇಗ ನುಂಗಿ "ಡ್ರೈವರ್ ಊಟ ಅಕ್ಕಾ, ಹಾರನ್ ಹೊಡೆಯೋದ್ರೊಳಗೆ ಮುಗೀಬೇಕು" ಎಂದು ನಗಿಸುತ್ತೀಯ. ಇದಕ್ಕೇ ನಾನು ನನ್ನ ಮಗಳಿಗೆ ಒಂದು ದಿನವೂ ತೂಕದ ಮಾತೆತ್ತಲಿಲ್ಲ. ಬಾಯಿ ಬಿಟ್ಟರೆ ಅವಳು ನಿನ್ನ ಹಾಗೆ ಆಗುತ್ತಾಳೆ ಅಂತ ಭಯ. ಸುಮ್ಮನಿದ್ದರೆ ಅಪ್ಪನ ಹಾಗೆ ಆಗುತ್ತಾಳೆ ಅಂತ ಭಯ. ಸಕ್ಕರೆ ಕಾಯಿಲೆಯಲ್ಲಿ ಅಪ್ಪನ ಕಾಲ್ಬೆರಳು ಹೋದದ್ದನ್ನು ನಾವಿಬ್ಬರೂ ನೋಡಿದ್ದೇವೆ.

ಹೋದ ವಾರ ಶಾಲೆಯ ಮೆಟ್ಟಿಲ ಮೇಲೆ ಅವಳಿಗೆ ಕಣ್ಣು ಕತ್ತಲೆ ಬಂತು. ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಮೊದಲು ನೋಡಿದ್ದೇ ಕುತ್ತಿಗೆಯನ್ನು. "ಎಷ್ಟು ದಿನದಿಂದ ಹೀಗಿದೆ?" ಎಂದರು. "ಸರಿಯಾಗಿ ಉಜ್ಜಲ್ಲ ಡಾಕ್ಟ್ರೇ" ಎಂದೆ. ಅವರು ಹತ್ತಿಗೆ ಏನೋ ಹಚ್ಚಿ ಒರೆಸಿ, ಬಿಳಿಯಾಗೇ ಉಳಿದ ಹತ್ತಿಯನ್ನು ನನಗೆ ತೋರಿಸಿದರು. "ಇದು ಕೊಳೆ ಅಲ್ಲಮ್ಮ. ಒಳಗೆ ಸಕ್ಕರೆ ಲೆಕ್ಕ ತಪ್ತಾ ಇರೋದರ ಗುರುತು." ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದ ಆ ಚರ್ಮವನ್ನು ಒಂದು ವರ್ಷ ನಾನು ಸ್ಪಂಜು ಕೊಟ್ಟು ತಿಕ್ಕಿಸಿದ್ದೆ. ದಿನವೂ ಬಟ್ಟೆಯ ಗುಣವನ್ನು ಬೆರಳಲ್ಲೇ ಹೇಳುವವಳು ನಾನು.

ಆಮೇಲೆ ಡಾಕ್ಟರಮ್ಮ ಅವಳನ್ನೇ ಕೇಳಿದರು. "ಏಳೋದರಿಂದ ಮಲಗೋ ತನಕ ನಿನ್ನ ಒಂದು ದಿನ ಹೇಳು ಮರಿ." ಅವಳು ಗೋಡೆ ನೋಡುತ್ತ ಹೇಳಿದಳು. ನಾನು ಪಕ್ಕದಲ್ಲಿ ಕೂತು ಯಾರದೋ ಮನೆಯ ಕಥೆ ಕೇಳುವಂತೆ ಕೇಳಿದೆ. ಬೆಳಿಗ್ಗೆ ಎಬ್ಬಿಸಿದರೂ ಏಳಲಾಗುವುದಿಲ್ಲ, ತಿಂಡಿಗೆ ಹೊತ್ತಿರುವುದಿಲ್ಲ, ಗೇಟಿಗೇ ವ್ಯಾನು ಬರುತ್ತದೆ. ಶಾಲೆಯಲ್ಲಿ ಆಟದ ಮೈದಾನ ಇತ್ತು, ಈಗ ಅಲ್ಲಿ ಹೊಸ ಕಟ್ಟಡ. ಆಟದ ಪೀರಿಯಡ್ಡನ್ನು ಗಣಿತದವರು ತೆಗೆದುಕೊಂಡಿದ್ದಾರೆ. ಸಂಜೆ ಅಲ್ಲಿಂದ ನೇರ ಟ್ಯೂಷನ್ನು, ಹೊಟ್ಟೆಗೆ ದಾರಿಯ ಅಂಗಡಿಯ ಚಿಪ್ಸು, ಕೂಲ್ ಡ್ರಿಂಕ್ಸು. ಮನೆಗೆ ಬಂದರೆ ಅಜ್ಜಿಯ ಬಿಸ್ಕತ್ತು, ಏಕೆಂದರೆ ಮಗು ದಣಿದಿರುತ್ತದೆ. ಅವಳ ಅಮ್ಮ ಕೆಳಗೆ ಮೆಷಿನ್ನಿನ ಮುಂದೆ, ಅವಳ ಅಪ್ಪ ಬರುವುದು ತಡ, ಊಟ ಟಿವಿಯ ಮುಂದೆ. ಆಮೇಲೆ ಹೊದಿಕೆಯೊಳಗೆ ಫೋನು. "ಯಾವಾಗ ಮಲಗ್ತೀಯ?" ಎಂದರೆ "ಬ್ಯಾಟರಿ ಮುಗಿದಾಗ" ಎಂದಳು. ಡಾಕ್ಟರಮ್ಮ ನಕ್ಕರು. ನನಗೆ ನಗಲಾಗಲಿಲ್ಲ. ಅವಳ ದಿನದಲ್ಲಿ ಎಲ್ಲಿಯೂ ಅವಳೇ ಆರಿಸಿಕೊಂಡದ್ದು ಎಂಬುದು ಒಂದಿಷ್ಟೂ ಇರಲಿಲ್ಲ, ಆ ಫೋನೊಂದನ್ನು ಬಿಟ್ಟರೆ.

ರಕ್ತ ಪರೀಕ್ಷೆಯಾಯಿತು. ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿದೆಯಂತೆ, ಇನ್ನೂ ದಾಟಿಲ್ಲವಂತೆ. ಮೂರು ತಿಂಗಳ ನಂತರ ಮತ್ತೆ ನೋಡುತ್ತಾರೆ. "ಅಪ್ಪಂಗಿತ್ತು, ನಮ್ಮ ಮೈಯೇ ಹಾಗೆ" ಎಂದು ನಾನು ಶುರುಮಾಡಿದೆ. "ಮೈ ಹಾಗಿರಬಹುದು. ಹಾಗಂತ ದಿನಾನೂ ಹಾಗೇ ಇರ್ಬೇಕಾ?" ಎಂದರು. "ಇವಳೊಬ್ಬಳಿಗೆ ಪಥ್ಯ ಮಾಡ್ಬೇಡಿ. ಇಡೀ ಮನೆ ಬದಲಾಗಲಿ. ನಿದ್ದೆ, ನಡಿಗೆ, ಒಟ್ಟಿಗೆ ಕೂತು ಊಟ. ಇವಳು ಹಸಿದ್ಕೊಂಡು ತೂಕ ಇಳಿಸಿದ್ರೆ ಅದು ನಿಲ್ಲಲ್ಲ, ಇವಳೂ ನಿಲ್ಲಲ್ಲ."

ಆ ಕೊನೆಯ ಮಾತೇ ನನ್ನ ತಲೆಯಲ್ಲಿ ಕೂತಿದೆ. ಮನೆಯನ್ನು ಬದಲಾಯಿಸುತ್ತಿದ್ದೇವೆ. ಬಿಸ್ಕತ್ತಿನ ಡಬ್ಬಿ ಹೋಯಿತು. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಊಟದ ಹೊತ್ತಿಗೆ ಮೆಷಿನ್ನು ನಿಲ್ಲಿಸಿ ಮೇಲೆ ಹೋಗುತ್ತೇನೆ. ಎಲ್ಲರ ಫೋನೂ ನಡುಮನೆಯ ಕಪಾಟಿನಲ್ಲಿ ಮಲಗುತ್ತದೆ, ನಿನ್ನ ಭಾವನದ್ದೂ. ಆದರೆ ಅವಳು ತಟ್ಟೆಯ ಮುಂದೆ ಕೂತು ಕಲಸುತ್ತಾಳೆ, ಸರಿಸುತ್ತಾಳೆ, "ಸಾಕು" ಎಂದು ಏಳುತ್ತಾಳೆ. ತಿಂದರೂ ಭಯ, ತಿನ್ನದಿದ್ದರೂ ಭಯ. ಅವಳ ಕೈ ಬಾಯಿಗೆ ಹೋಗುವುದನ್ನೇ ಕದ್ದು ನೋಡುತ್ತಿರುತ್ತೇನೆ, ಅದು ಅವಳಿಗೆ ತಿಳಿಯುತ್ತದೆ, ಕೈ ಅಲ್ಲೇ ನಿಲ್ಲುತ್ತದೆ.

ಇವತ್ತು ಮಧ್ಯಾಹ್ನ ತಾನಾಗಿಯೇ ಕೆಳಗೆ ಬಂದಳು. ಆ ಶನಿವಾರದ ನಂತರ ಅಂಗಡಿಗೆ ಕಾಲಿಟ್ಟಿರಲಿಲ್ಲ. ಬಟ್ಟೆಯ ತಾನುಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದು, "ಮಾಮಂಗೂ ಹೀಗೇ ಆಗಿತ್ತಂತಲ್ಲ? ಅಜ್ಜಿ ಏನೋ ಅರ್ಧ ಹೇಳಿ ಸುಮ್ನಾದ್ರು" ಎಂದಳು.

ಹೇಳಬೇಕೆನಿಸಿತು. ಆದರೆ ಅದು ನಿನ್ನ ಕಥೆ, ನೀನೇ ಯಾರಿಗೂ ಹೇಳದ್ದು. ಅದನ್ನು ಎತ್ತಿ ಕೊಡಲು ನಾನು ಯಾರು? ಒಂದು ಸಲ ಒಬ್ಬರ ಗುಟ್ಟನ್ನು ಅಂಗಡಿ ತುಂಬ ಕೂಗಿ ಸಾಕಾಗಿದೆ. "ಮಾಮನ್ನೇ ಕೇಳು" ಎಂದೆ.

"ಕೇಳಿದ್ರೆ ಜೋಕ್ ಮಾಡ್ತಾನೆ" ಎಂದಳು. ಮೇಜಿನ ಮೇಲಿದ್ದ ಕಾಗದ ನೋಡಿ, "ನೀನು ಕಾಗದ ಬರೀತಾ ಇದೀಯಲ್ಲ, ಈ ಸಲ ಜೋಕ್ ಮಾಡ್ಬೇಡ ಅಂತ ಬರಿ" ಎಂದಳು.

ಬರೆದಿದ್ದೇನೆ. ನೀನು ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ಗೇಟಿನಲ್ಲಿ ಟವೆಲ್ಲು ಹಿಡಿದು ನಿಂತವಳ ಬಾಯಿಂದ ಆಗ ಯಾವ ಮಾತು ಬಂದಿದ್ದರೆ ನೀನು ಕೂತು ಊಟ ಮಾಡುತ್ತಿದ್ದೆಯೋ, ಆ ಮಾತು ನಿನಗೊಬ್ಬನಿಗೇ ಗೊತ್ತಿರುವುದು. ಅದನ್ನು ಅವಳ ಹೆಸರಿಗೇ ಬರೆ, ನನಗೆ ತೋರಿಸಬೇಕಾಗಿಲ್ಲ. ಬರೆಯಲಾಗದಿದ್ದರೆ ಸುಮ್ಮನೆ ಬಾ, ಅವಳ ಪಕ್ಕದ ಕುರ್ಚಿಯಲ್ಲಿ ಕೂರು. ಇನ್ನೊಂದು ಮಾತು, ಇದನ್ನೂ ಬಿಡುವುದರಲ್ಲಿದ್ದೆ: ನೀನೂ ಅಪ್ಪನ ಮಗ, ಇಡೀ ದಿನ ಸ್ಟೀರಿಂಗಿನ ಹಿಂದೆ ಕೂರುವವನು. ನಿನ್ನ ರಕ್ತ ಪರೀಕ್ಷೆ ಮಾಡಿಸಿಕೋ. ಇಬ್ಬರಿಗೂ ಒಟ್ಟಿಗೆ ಹೆದರುವಷ್ಟು ಶಕ್ತಿ ನನ್ನಲ್ಲಿಲ್ಲ.

ನಾಳೆಯಿಂದ ವ್ಯಾನು ಬೇಡ, ಶಾಲೆಗೆ ನಡೆದೇ ಹೋಗೋಣ, ನಾನೂ ಬರುತ್ತೇನೆ ಎಂದಿದ್ದೇನೆ. "ಪಕ್ಕದಲ್ಲಿ ಬರ್ಬೇಕು, ಹಿಂದೆ ಬರ್ಬಾರ್ದು" ಎಂದು ಒಪ್ಪಿದ್ದಾಳೆ. ಬೆಳಿಗ್ಗೆ ಏಳುತ್ತಾಳೋ ಇಲ್ಲವೋ, ಎದ್ದರೂ ಒಂದು ಲೋಟ ಹಾಲಾದರೂ ಕುಡಿಯುತ್ತಾಳೋ, ದಾರಿಯಲ್ಲಿ ತಲೆ ತಿರುಗಿದರೇನು ಗತಿ, ಎಲ್ಲಕ್ಕೂ ಈಗಲೇ ಹೆದರುತ್ತಿದ್ದೇನೆ. ಬೀದಿಯ ಮೂಲೆಯಲ್ಲಿ ಅಂಚೆ ಡಬ್ಬಿ ಇದೆ. ಅವಳು ಅಲ್ಲಿಯವರೆಗೆ ಬಂದರೆ ಇದನ್ನು ಅವಳ ಕೈಯಿಂದಲೇ ಹಾಕಿಸುತ್ತೇನೆ. ಬರದಿದ್ದರೆ ನಾನೊಬ್ಬಳೇ ಹೋಗಿ ಹಾಕುತ್ತೇನೆ.

ನಿನ್ನ ದಾರಿಗಳೆಲ್ಲ ನೇರವಾಗಿರಲಿ, ಹೊತ್ತು ಹೊತ್ತಿಗೆ ಕೂತು ಉಣ್ಣುವ ಬಿಡುವು ನಿನಗೆ ಸಿಗಲಿ.

ನಿನ್ನ ಅಕ್ಕ

ಅಂಚೆಗೆ ಹಾಕುವುದು: ನಾಳೆ, ಸೋಮವಾರ, ಸೆಪ್ಟೆಂಬರ್ ಎಂಟು.